ಕಾವು ಹೋಗಲೊಂದು ದಾರಿ

ಘಟ್ಟದಲ್ಲಿ ಲಾರಿ ಓಡಿಸಿ ಪಳಗಿದವರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ ಇದು: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಬರೀ ಬ್ರೇಕನ್ನೇ ನಂಬಿ ಚಾರ್ಮಾಡಿ ಇಳಿಯಲು ಹೊರಟರೆ ಅರ್ಧ ದಾರಿಗೇ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಆಮೇಲೂ ತುಳಿಯುತ್ತಲೇ ಇದ್ದರೆ ಬ್ರೇಕ್ ಹಿಡಿಯುವುದನ್ನೇ ಬಿಡುತ್ತದೆ. ಆದರೆ ಗಾಡಿಯನ್ನು ಹೇಗೋ ನಿಲ್ಲಿಸಿ, ಒಂದು ಗಂಟೆ ಬಿಟ್ಟು ಮತ್ತೆ ತುಳಿದು ನೋಡಿ: ಅದೇ ಬ್ರೇಕ್ ಸರಿಯಾಗಿರುತ್ತದೆ. ಏನೂ ಮುರಿದಿಲ್ಲ, ಎಲ್ಲೂ ಸೋರಿಲ್ಲ. ಹಾಗಾದರೆ ಆ ಹೊತ್ತಿನಲ್ಲಿ ಕೆಟ್ಟದ್ದಾದರೂ ಏನು?

ಇದೇ ಒಗಟು ಇನ್ನೂ ಚುರುಕಾಗಿ ಎದುರಾಗುವ ಜಾಗವೊಂದಿದೆ. ದಿನದ ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ಆಫೀಸಿಗೆ ಹೋಗುವ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವುದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ಬೆಂಗಳೂರಿನ ಆಸಕ್ತರಿಗೆ ಹತ್ತಿರದವುಗಳಲ್ಲಿ ಎರಡು: ಚೆನ್ನೈ ಹೆದ್ದಾರಿಯ ಮಗ್ಗುಲಲ್ಲೇ ಇರುವ ಇರುಂಗಾಟುಕೋಟೈ ಟ್ರ್ಯಾಕ್ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಊರೊಳಗೆ ವರ್ಷಗಟ್ಟಲೆ ಒಂದು ದೂರೂ ಇಲ್ಲದ ಬ್ರೇಕು ಅಲ್ಲಿ ನಾಲ್ಕೈದು ಸುತ್ತಿಗೇ ಕೈಕೊಡಬಹುದು. ಹಾಗಾದಾಗ ಹೆಚ್ಚಿನವರಿಗೆ ಹೊಳೆಯುವ ಪರಿಹಾರ, ದೊಡ್ಡ ಬ್ರೇಕ್ ಹಾಕಿಸುವುದು. ಅದು ಯಾಕೆ ಅರ್ಧ ಉತ್ತರ ಮಾತ್ರ, ಪೂರ್ತಿ ಉತ್ತರ ಎಲ್ಲಿದೆ ಎಂಬುದೇ ಈ ಅಧ್ಯಾಯ.

ವೇಗ ಎಲ್ಲಿಗೆ ಹೋಗುತ್ತದೆ?

ಬ್ರೇಕ್ ವೇಗವನ್ನು ಅಳಿಸಿಹಾಕುವುದಿಲ್ಲ, ಅದನ್ನು ಶಾಖವಾಗಿ ಬದಲಾಯಿಸುತ್ತದೆ. ಚಕ್ರದ ಜೊತೆ ತಿರುಗುವ ಕಬ್ಬಿಣದ ಬಿಲ್ಲೆಯೇ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಪ್ಯಾಡುಗಳು ಅದುಮಿ ಹಿಡಿಯುತ್ತವೆ. ಅವು ಉಜ್ಜಿದಾಗ ಓಟದ ಶಕ್ತಿಯೆಲ್ಲ ಕಾವಾಗಿ ಡಿಸ್ಕಿಗೆ ಇಳಿಯುತ್ತದೆ.

ಎಷ್ಟು ಕಾವು? ಚಾಲಕನೂ ಸೇರಿ 1300 ಕಿಲೋ ತೂಗುವ ಕಾರನ್ನು ತೆಗೆದುಕೊಳ್ಳೋಣ. ಊರೊಳಗೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದು ಸಿಗ್ನಲ್ಲಿನಲ್ಲಿ ನಿಂತರೆ ಹುಟ್ಟುವ ಶಾಖದಿಂದ ಅರ್ಧ ಲೀಟರ್ ತಣ್ಣೀರನ್ನೂ ಕುದಿಯುವ ಮಟ್ಟಕ್ಕೆ ತರಲಾಗುವುದಿಲ್ಲ. ಅದೇ ಕಾರು ಟ್ರ್ಯಾಕಿನ ನೇರ ಹಾದಿಯಲ್ಲಿ 160ಕ್ಕೆ ಏರಿ, ತಿರುವಿಗೆ ಮುನ್ನ 60ಕ್ಕೆ ಇಳಿದರೆ ಹುಟ್ಟುವ ಶಾಖ ಮೂರೂಮುಕ್ಕಾಲು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುತ್ತದೆ. ಅದೂ ಸುಮಾರು ನಾಲ್ಕು ಸೆಕೆಂಡಿನಲ್ಲಿ. ವೇಗ ಇಮ್ಮಡಿಯಾದರೆ ಕಳೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುವುದರಿಂದ ಈ ಅಂತರ.

ಇನ್ನೊಂದು ಲೆಕ್ಕ ನೋಡಿ. ಇದೇ ಕಾರು 600 ಮೀಟರ್ ಎತ್ತರದ ಘಟ್ಟವನ್ನು ಬರೀ ಬ್ರೇಕಿನ ಮೇಲೆ ಇಳಿದರೆ ಹುಟ್ಟುವ ಶಾಖ, ಟ್ರ್ಯಾಕಿನ ಇಂಥ ಏಳು ಬ್ರೇಕಿಗೆ ಸಮ. ಒಂದು ಸುತ್ತಿನಲ್ಲಿ ಮೂರು ಕಡೆ ಹೀಗೆ ಬಲವಾಗಿ ತುಳಿಯಬೇಕಾದ ಟ್ರ್ಯಾಕಿನಲ್ಲಿ ಎರಡೂಕಾಲು ಸುತ್ತಿಗೆ ಒಂದು ಇಡೀ ಘಟ್ಟದ ಕಾವು ಬ್ರೇಕಿನೊಳಗೆ ಸೇರುತ್ತದೆ.

ಈ ಹೊರೆ ನಾಲ್ಕೂ ಚಕ್ರಕ್ಕೆ ಸಮನಾಗಿ ಹಂಚಿಹೋಗುವುದೂ ಇಲ್ಲ. ಬ್ರೇಕ್ ತುಳಿದೊಡನೆ ಕಾರು ಮೂತಿ ತಗ್ಗಿಸುತ್ತದೆ, ಭಾರ ಮುಂದಕ್ಕೆ ವಾಲುತ್ತದೆ. ಹಾಗಾಗಿ ಸುಮಾರು ಶೇಕಡಾ 70ರಷ್ಟು ಕೆಲಸ ಮುಂದಿನ ಎರಡು ಡಿಸ್ಕುಗಳ ಪಾಲು. ಒಂದೊಂದೂ 7 ಕಿಲೋ ತೂಗಿದರೆ, ಒಂದೇ ಬಲವಾದ ಬ್ರೇಕಿಗೆ ಅವುಗಳ ತಾಪ ಸುಮಾರು 100 ಡಿಗ್ರಿ ಏರುತ್ತದೆ.

ತೂತಿರುವ ತೊಟ್ಟಿ

ಒಂದು ಬ್ರೇಕಿಗೆ 100 ಡಿಗ್ರಿಯಾದರೆ ಹತ್ತು ಬ್ರೇಕಿಗೆ ಸಾವಿರ ಆಗಬೇಕಲ್ಲ? ಆಗುವುದಿಲ್ಲ. ಯಾಕೆಂದು ತಿಳಿಯಲು ತಳದಲ್ಲಿ ತೂತಿರುವ ನೀರಿನ ತೊಟ್ಟಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಗಾಗ ಒಬ್ಬರು ಬಂದು ಅದಕ್ಕೆ ಒಂದೊಂದು ಕೊಡ ನೀರು ಸುರಿಯುತ್ತಾರೆ. ತೂತಿನಿಂದ ನೀರು ಹರಿದುಹೋಗುತ್ತಲೇ ಇರುತ್ತದೆ. ಮಟ್ಟ ತಗ್ಗಿದ್ದಾಗ ನೀರು ಮೆಲ್ಲಗೆ ಹೋಗುತ್ತದೆ. ಮಟ್ಟ ಏರಿದಷ್ಟೂ ತಳದ ಒತ್ತಡ ಹೆಚ್ಚಿ ರಭಸವಾಗಿ ಚಿಮ್ಮುತ್ತದೆ. ಏರುತ್ತ ಏರುತ್ತ ಒಂದು ಹಂತದಲ್ಲಿ, ಎರಡು ಕೊಡಗಳ ನಡುವೆ ಹೊರಹೋಗುವ ನೀರು ಸರಿಯಾಗಿ ಒಂದು ಕೊಡದಷ್ಟಾಗುತ್ತದೆ. ಅಲ್ಲಿಗೆ ಏರಿಕೆ ನಿಲ್ಲುತ್ತದೆ.

ಡಿಸ್ಕೇ ಆ ತೊಟ್ಟಿ. ನೀರು ಶಾಖ, ನೀರಿನ ಮಟ್ಟ ತಾಪಮಾನ, ಪ್ರತಿ ಬ್ರೇಕೂ ಒಂದು ಕೊಡ, ಗಾಳಿಗೆ ಸೋರುವ ಕಾವೇ ತೂತಿನ ಹರಿವು. ಡಿಸ್ಕ್ ಹೊರಗಾಳಿಗಿಂತ ಹೆಚ್ಚು ಬಿಸಿಯಾದಷ್ಟೂ ಹೆಚ್ಚು ಬೇಗ ಕಾವು ಬಿಟ್ಟುಕೊಡುತ್ತದೆ.

ಇದನ್ನು ಅಂಕಿಯಲ್ಲಿ ಇಟ್ಟು ನೋಡೋಣ. ಎರಡು ಬ್ರೇಕುಗಳ ನಡುವೆ ಡಿಸ್ಕ್ ತನ್ನಲ್ಲಿರುವ ಹೆಚ್ಚುವರಿ ಕಾವಿನ ಐದನೇ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ ಎಂದುಕೊಳ್ಳಿ. ಮೊದಲ ಬ್ರೇಕಿಗೆ ಅದು ಹೊರಗಾಳಿಗಿಂತ 100 ಡಿಗ್ರಿ ಮೇಲೇರುತ್ತದೆ. ಮುಂದಿನ ಬ್ರೇಕಿನ ಹೊತ್ತಿಗೆ 80ಕ್ಕೆ ಇಳಿದಿರುತ್ತದೆ, ಬ್ರೇಕ್ ತುಳಿದಾಗ 180 ಆಗುತ್ತದೆ. ಆಮೇಲೆ 244, 295, 336. ಹತ್ತನೇ ಬ್ರೇಕಿಗೆ ಸುಮಾರು 445. ಕೊನೆಗೆ 500ರ ಹತ್ತಿರ ನಿಂತುಬಿಡುತ್ತದೆ, ಯಾಕೆಂದರೆ 500ರ ಐದನೇ ಒಂದು ಭಾಗ ಸರಿಯಾಗಿ 100. ಸುತ್ತಿಗೆ ಮೂರು ಬ್ರೇಕಾದರೆ ಹತ್ತನೇ ಬ್ರೇಕ್ ಬರುವುದು ನಾಲ್ಕನೇ ಸುತ್ತಿನ ಮೊದಲಲ್ಲಿ. ಬ್ರೇಕು ನಾಲ್ಕೈದು ಸುತ್ತಿಗೇ ಕೈಕೊಡುವ ಗುಟ್ಟು ಇದೇ.

ಈಗ ಎರಡು ಪರಿಹಾರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಡಿಸ್ಕಿನ ತೂಕವನ್ನು ಇಮ್ಮಡಿ ಮಾಡುವುದು, ಅಂದರೆ ತೊಟ್ಟಿಯನ್ನು ಅಗಲ ಮಾಡುವುದು. ಪ್ರತಿ ಬ್ರೇಕಿಗೆ ಏರುವ ತಾಪ 50ಕ್ಕೆ ಇಳಿಯುತ್ತದೆ. ಆದರೆ ಗಾಳಿಯ ಹರಿವು ಮೊದಲಿನಷ್ಟೇ ಇದ್ದರೆ ನಡುವೆ ಕಳೆದುಕೊಳ್ಳುವ ಪಾಲೂ ಅರ್ಧಕ್ಕೆ ಇಳಿದು ಹತ್ತನೇ ಒಂದಾಗುತ್ತದೆ. ಹತ್ತನೇ ಒಂದು ಭಾಗ 50 ಆಗಬೇಕಾದರೆ ಮಟ್ಟ ಮತ್ತೆ 500ಕ್ಕೇ ಬರಬೇಕು! ತಡವಾಗಿ ಬರುತ್ತದೆ ಅಷ್ಟೆ. ಎರಡನೆಯದು ತೂತನ್ನು ದೊಡ್ಡದು ಮಾಡುವುದು. ಐದನೇ ಒಂದರ ಬದಲು ಮೂರನೇ ಒಂದು ಭಾಗ ಕಾವು ಹೊರಹೋಗುವಂತೆ ಮಾಡಿದರೆ ಮಟ್ಟ 300ಕ್ಕೇ ನಿಲ್ಲುತ್ತದೆ. ದೊಡ್ಡ ಡಿಸ್ಕಿಗೆ ಗಾಳಿ ತಾಗುವ ಮೈಯೂ ದೊಡ್ಡದಾದ್ದರಿಂದ ನಿಜವಾಗಿ ಸ್ವಲ್ಪ ಲಾಭ ಇದ್ದೇ ಇದೆ. ಆದರೆ ಮಟ್ಟ ಕೊನೆಗೆ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವುದು ತೊಟ್ಟಿಯ ಅಗಲವಲ್ಲ, ತೂತು.

ಚೆನ್ನೈನ ಬಿಸಿಲನ್ನು ದೂರುವವರಿಗೂ ಇಲ್ಲೇ ಉತ್ತರವಿದೆ. ಹೊರಗಿನ ಗಾಳಿ 20 ಡಿಗ್ರಿಯ ಬದಲು 38 ಇದ್ದರೆ ಡಿಸ್ಕ್ 520ರ ಬದಲು 538 ಆದೀತು, ಅದಕ್ಕಿಂತ ಹೆಚ್ಚಲ್ಲ. ಬೇಕಾದದ್ದು ತಂಪು ಗಾಳಿಯಲ್ಲ, ಹೆಚ್ಚು ಗಾಳಿ.

ಕಾಲಿಗೆ ತಿಳಿಯುವ ಎರಡು ಸೋಲು

ಕಬ್ಬಿಣ 500 ಡಿಗ್ರಿಯನ್ನು ತಾಳಿಕೊಳ್ಳುತ್ತದೆ. ತಾಳದವು ಅದರ ನೆರೆಹೊರೆಯವು. ಅವುಗಳಲ್ಲಿ ಯಾವುದು ಸೋತಿದೆ ಎಂಬುದನ್ನು ಕಾಲೇ ಹೇಳುತ್ತದೆ.

ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ಬಲವಾಗಿ ಒತ್ತಿದರೂ ಕಾರು ನಿಧಾನವಾಗುತ್ತಿಲ್ಲ ಎಂದರೆ ಸೋತದ್ದು ಪ್ಯಾಡು. ದಿನಬಳಕೆಯ ಪ್ಯಾಡಿನ ಕಣಗಳನ್ನು ಹಿಡಿದಿಡುವುದು ಒಂದು ಬಗೆಯ ಅಂಟು. ಸಾಮಾನ್ಯವಾಗಿ 350–400 ಡಿಗ್ರಿ ದಾಟಿದ ಮೇಲೆ ಆ ಅಂಟು ಕೆಡತೊಡಗಿ ಅನಿಲ ಹೊರಡುತ್ತದೆ, ಡಿಸ್ಕಿನ ಮೇಲಿನ ಹಿಡಿತ ಜಾರುತ್ತದೆ. ಘಟ್ಟದಲ್ಲಿ ಬರುವ ಸುಟ್ಟ ವಾಸನೆ ಇದರದೇ. ಹೀಗೆ ಬೆಂದ ಪ್ಯಾಡನ್ನು ಬಿಚ್ಚಿ ಕೈಯಲ್ಲಿ ಹಿಡಿದರೆ ಅಂಚುಗಳು ಬೂದಿಬಣ್ಣಕ್ಕೆ ತಿರುಗಿರುತ್ತವೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ.

ಪೆಡಲ್ ಮೆತ್ತಗಾಗಿ ನೆಲದವರೆಗೂ ಹೋಗುತ್ತಿದೆ ಎಂದರೆ ಸೋತದ್ದು ಬ್ರೇಕ್ ಆಯಿಲ್. ಇದು ಹೆಚ್ಚು ಅಪಾಯದ ಸೋಲು. ಕಾಲಿನ ಒತ್ತಡವನ್ನು ಪೆಡಲ್ಲಿನಿಂದ ಪ್ಯಾಡಿನವರೆಗೆ ಮುಟ್ಟಿಸುವುದು ಈ ದ್ರವ. ದ್ರವ ಅದುಮಿದರೆ ಕುಗ್ಗುವುದಿಲ್ಲ, ಅದಕ್ಕೇ ಒತ್ತಡ ಹಾಗೆಯೇ ದಾಟುತ್ತದೆ. ಆದರೆ ಡಿಸ್ಕಿನ ಕಾವು ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಒತ್ತುವ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಆಯಿಲ್ಲಿಗೆ ದಾಟಿ ಅದು ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ಆವಿ ಕುಗ್ಗುತ್ತದೆ. ಕಾಲು ಒತ್ತಿದ್ದೆಲ್ಲ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಬ್ರೇಕ್ ಮರಳಿ ಬರುತ್ತದೆ. ಗ್ಯಾರೇಜಿನವರು ಹುಡುಕಿದರೂ ಏನೂ ಸಿಗದಿರುವುದು ಇದರಿಂದಲೇ.

ಬ್ರೇಕ್ ಆಯಿಲ್ಲಿಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ನೀರಿನ ಪಾಲು ಶೇಕಡಾ 3.7ಕ್ಕೆ ಬಂದಾಗ ಇದೇ ಮಿತಿ 155ಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ನಂಬಿದ ಮಾಲೀಕ, ಮೂರು ವರ್ಷ ಹಳೆಯ ಆಯಿಲ್ ಇಟ್ಟುಕೊಂಡು ಟ್ರ್ಯಾಕಿಗೆ ಇಳಿದರೆ ಅವನಿಗೆ ಸಿಗುವುದು ಚಿಕ್ಕ ಅಂಕಿ.

ಲೆ ಮಾನ್ಸ್, 1953

ಕಾವಿನ ದಾರಿಯೇ ಗೆಲುವನ್ನು ನಿರ್ಧರಿಸಿದ ಹೆಸರಾಂತ ಓಟವೊಂದಿದೆ. ಅಂದಿನ ರೇಸ್ ಕಾರುಗಳಲ್ಲೂ ಡ್ರಮ್ ಬ್ರೇಕುಗಳೇ ಇರುತ್ತಿದ್ದವು. ಡ್ರಮ್ಮಿನಲ್ಲಿ ಉಜ್ಜಾಟ ನಡೆಯುವುದು ಮುಚ್ಚಿದ ಲೋಹದ ಡಬ್ಬಿಯೊಳಗೆ. ಕಾವು ಒಳಗೇ ಸಿಕ್ಕಿಕೊಳ್ಳುತ್ತದೆ. ಮೇಲಾಗಿ ಬಿಸಿಯಾದ ಡ್ರಮ್ ಹಿಗ್ಗಿ, ಒಳಗಿನಿಂದ ಒತ್ತುವ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ. ಡಿಸ್ಕ್ ಬ್ರೇಕಿನ ಕಲ್ಪನೆ ಹೊಸದೇನೂ ಆಗಿರಲಿಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು.

1953ರಲ್ಲಿ ಜಾಗ್ವಾರ್ ಕಂಪನಿ ಡನ್‌ಲಪ್ ಡಿಸ್ಕ್ ಬ್ರೇಕುಗಳಿದ್ದ ಸಿ-ಟೈಪ್ ಕಾರುಗಳನ್ನು ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟಕ್ಕೆ ಇಳಿಸಿತು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಆ ಓಟವನ್ನು ಗಂಟೆಗೆ 100 ಮೈಲಿಗಿಂತ ಹೆಚ್ಚಿನ ಸರಾಸರಿ ವೇಗದಲ್ಲಿ ಗೆದ್ದದ್ದು ಅದೇ ಮೊದಲು. ಉದ್ದನೆಯ ನೇರ ಹಾದಿಯ ಕೊನೆಯಲ್ಲಿ ಎದುರಾಳಿಗಳಿಗಿಂತ ತಡವಾಗಿ ಬ್ರೇಕ್ ತುಳಿಯುವ ಧೈರ್ಯವನ್ನು ಅವರಿಗೆ ಕೊಟ್ಟದ್ದು ಗಾಳಿಗೆ ಮೈಯೊಡ್ಡಿ ತಿರುಗುತ್ತಿದ್ದ ಆ ಬಿಲ್ಲೆಗಳು. ಗಂಟೆಗಟ್ಟಲೆ ಓಡಿದ ಮೇಲೂ ಅವು ಮೊದಲಿನಂತೆಯೇ ಹಿಡಿಯುತ್ತಿದ್ದವು.

ಡಿಸ್ಕಿನೊಳಗೊಂದು ಪಂಪು

ಇಂದಿನ ಹೆಚ್ಚಿನ ಕಾರುಗಳ ಮುಂದಿನ ಡಿಸ್ಕ್ ಒಂದೇ ತುಂಡು ಬಿಲ್ಲೆಯಂತೆ ಕಂಡರೂ ಒಳಗೆ ಟೊಳ್ಳು. ಅಂಚನ್ನು ಹತ್ತಿರದಿಂದ ನೋಡಿದರೆ ಎರಡು ತಟ್ಟೆಗಳ ನಡುವೆ ಸಾಲಾಗಿ ನಿಂತ ಚಿಕ್ಕ ಗೋಡೆಗಳೂ ಅವುಗಳ ನಡುವಿನ ಸಂದುಗಳೂ ಕಾಣುತ್ತವೆ. ಇದನ್ನು ವೆಂಟಿಲೇಟೆಡ್ ಡಿಸ್ಕ್ ಎನ್ನುತ್ತಾರೆ. ಚಕ್ರ ತಿರುಗುವಾಗ ಸಂದಿನೊಳಗಿನ ಗಾಳಿ ಹೊರ ಅಂಚಿನತ್ತ ತೂರಿಹೋಗುತ್ತದೆ. ಆ ಜಾಗ ತುಂಬಲು ಡಿಸ್ಕಿನ ನಡುಭಾಗದಿಂದ ಹೊಸ ಗಾಳಿ ಒಳಗೆ ಎಳೆಯಲ್ಪಡುತ್ತದೆ. ತೋಟದ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪು ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ಗಾಳಿ ಒಳಹೋಗುವ ಈ ಬಾಯನ್ನು ನಡುಬಾಯಿ ಎಂದು ಕರೆಯೋಣ. ಬಹುತೇಕ ಕಾರುಗಳಲ್ಲಿ ಇದು ಡಿಸ್ಕಿನ ಒಳಮಗ್ಗುಲಲ್ಲಿ, ಹಬ್ಬಿನ ಸುತ್ತ ಇರುತ್ತದೆ.

ತಂಪು ಮಾಡಲು ಹೊರಟವರು ಹೆಚ್ಚಾಗಿ ತಪ್ಪುವುದು ಇಲ್ಲಿ. ಬಿಸಿಯಾಗಿರುವುದು ಡಿಸ್ಕಿನ ಮುಖವಾದ್ದರಿಂದ ಅದರ ಮೇಲೆ ಗಾಳಿ ಬಿಟ್ಟರಾಯಿತು ಎನಿಸುತ್ತದೆ. ಆದರೆ ಆಗ ಒಳಮಗ್ಗುಲಿನ ಮುಖ ಮಾತ್ರ ತಣ್ಣಗಾಗುತ್ತದೆ, ಹೊರಮಗ್ಗುಲು ಬಿಸಿಯಾಗಿಯೇ ಉಳಿಯುತ್ತದೆ. ಒಂದು ಮುಖ ಕುಗ್ಗಿ ಇನ್ನೊಂದು ಹಿಗ್ಗಿದರೆ ಡಿಸ್ಕ್ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಗಾಳಿಯನ್ನು ನಡುಬಾಯಿಗೆ ಕೊಟ್ಟರೆ ಡಿಸ್ಕೇ ಅದನ್ನು ಎಳೆದುಕೊಂಡು ತನ್ನ ಒಳಮೈಯುದ್ದಕ್ಕೂ ಹಾಯಿಸಿ ಎರಡು ಮುಖಗಳನ್ನೂ ಸಮನಾಗಿ ತಣಿಸುತ್ತದೆ.

ಡಿಸ್ಕಿನ ಮುಖಕ್ಕೆ ಕೊರೆದ ತೂತುಗಳು ನೋಡಲು ಚೆಂದ, ತಂಪಿಗೆ ಅವುಗಳ ನೆರವು ಅಷ್ಟಕ್ಕಷ್ಟೆ. ಟ್ರ್ಯಾಕಿನ ಕಾವಿನಲ್ಲಿ ಬಿರುಕು ಶುರುವಾಗುವುದು ಹೆಚ್ಚಾಗಿ ಆ ತೂತುಗಳ ಅಂಚಿನಲ್ಲೇ.

ಗಾಳಿಗೆ ದಾರಿ ಮಾಡುವ ಬಗೆ

ಕಾರು ಓಡುವಾಗ ಮುಂದಿನ ಬಂಪರಿನ ಕೆಳಭಾಗದಲ್ಲಿ ಗಾಳಿ ಒತ್ತೊತ್ತಾಗಿ ಸೇರುತ್ತದೆ. ಅಲ್ಲಿ ಒಂದು ಬಾಯಿ ತೆರೆದು, ಮೂರು ಇಂಚಿನ ಕೊಳವೆಯಲ್ಲಿ ಆ ಗಾಳಿಯನ್ನು ನಡುಬಾಯಿಯವರೆಗೆ ತರುವುದೇ ಬ್ರೇಕ್ ಡಕ್ಟ್. ಫಾಗ್ ಲ್ಯಾಂಪ್ ಇರುವ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ಟ್ರ್ಯಾಕಿನ ದಿನ ದೀಪ ತೆಗೆದು ಕೊಳವೆಯ ಬಾಯಿ ಕೂರಿಸಬಹುದು. ಕೊಳವೆ ಕಾವು ತಾಳುವಂಥದ್ದಾಗಿರಬೇಕು, ಸಿಲಿಕೋನ್ ಲೇಪಿಸಿದ ಗಾಜಿನ ನಾರಿನದು ಒಳ್ಳೆಯದು. ಪ್ರತಿ ತಿರುವೂ ಹರಿವನ್ನು ಕಡಿಮೆ ಮಾಡುವುದರಿಂದ ಆದಷ್ಟು ನೇರವಾಗಿ ಸಾಗಬೇಕು.

ಕೆಲಸ ಮುಗಿಸುವ ಮುನ್ನ ಮೆಕ್ಯಾನಿಕ್ ಒಂದು ಪರೀಕ್ಷೆ ಮಾಡಲೇಬೇಕು. ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಪೂರ್ತಿ ತಿರುಗಿಸಬೇಕು. ಹಾಗೆ ತಿರುಗಿಸುವಾಗ ಒಳಗಿನ ಟೈರು ಕೊಳವೆಗೆ ತಾಗುತ್ತದೆಯೇ, ಕೊಳವೆ ಬ್ರೇಕ್ ಪೈಪನ್ನು ಎಳೆಯುತ್ತದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಕೊಳವೆಯ ಮೇಲೆ ಕಪ್ಪು ಉಜ್ಜುಗುರುತು ಒಂದಿಷ್ಟು ಕಂಡರೂ ದಾರಿ ಬದಲಿಸಬೇಕು. ಹರಿದ ಕೊಳವೆಯಿಂದ ತಂಪು ಹೋಗುತ್ತದೆ, ಹರಿದ ಬ್ರೇಕ್ ಪೈಪಿನಿಂದ ಬ್ರೇಕೇ ಹೋಗುತ್ತದೆ.

ಕೊಳವೆ ಬೇಡವೆನ್ನುವವರಿಗೆ ಸರಳ ದಾರಿಯೂ ಉಂಟು. ಪೋರ್ಷೆ 911 ಜಿಟಿ3 ಕಾರಿನ ಮುಂದಿನ ಸಸ್ಪೆನ್ಷನ್ ತೋಳಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಜೋಡಿಸಿರುತ್ತದೆ. ಕಾರಿನ ಅಡಿಯಲ್ಲಿ ಹರಿಯುವ ಗಾಳಿಯನ್ನು ಅದು ಬ್ರೇಕಿನತ್ತ ತಿರುಗಿಸುತ್ತದೆ. ಪೋರ್ಷೆಯದೇ ಬಾಕ್ಸ್‌ಟರ್, ಕೇಮನ್ ಕಾರು ಇಟ್ಟುಕೊಂಡವರು ಇದನ್ನೇ ತಂದು ಹಾಕಿಸಿಕೊಳ್ಳುವುದು ರೂಢಿ. ಡಿಸ್ಕಿನ ಹಿಂದಿರುವ ತಗಡಿನ ಮರೆಯನ್ನು ಬಿಚ್ಚಿಡುವವರೂ ಇದ್ದಾರೆ. ಅದರಿಂದ ಗಾಳಿ ಹೆಚ್ಚು ತಾಗುವುದು ನಿಜ. ಆದರೆ ಬಾಲ್ ಜಾಯಿಂಟಿನ ರಬ್ಬರನ್ನು ಡಿಸ್ಕಿನ ಕಾವಿನಿಂದ ಕಾಪಾಡುವುದು, ರಸ್ತೆಯ ಜಲ್ಲಿ ನುಗ್ಗದಂತೆ ತಡೆಯುವುದು ಆ ತಗಡೇ. ರಸ್ತೆಯಲ್ಲೂ ಓಡಬೇಕಾದ ಕಾರಿಗೆ ಅದನ್ನು ಉಳಿಸಿಕೊಂಡು ಕೊಳವೆಯ ಬಾಯಿಗಷ್ಟೇ ಜಾಗ ಕತ್ತರಿಸುವುದು ಮೇಲು.

ಕೊಡವನ್ನು ಚಿಕ್ಕದು ಮಾಡಿ

ತೂತು ದೊಡ್ಡದು ಮಾಡುವುದರ ಜೊತೆ ಸುರಿಯುವ ನೀರನ್ನೂ ಕಡಿಮೆ ಮಾಡಬಹುದು. ಇದಕ್ಕೆ ಒಂದು ರೂಪಾಯಿಯೂ ಬೇಡ. ನೇರ ಹಾದಿಯ ಕೊನೆಯಲ್ಲಿ ಸ್ವಲ್ಪ ಮೊದಲೇ ಆಕ್ಸಿಲರೇಟರ್ ಬಿಟ್ಟು, 160ರ ಬದಲು 150ರಿಂದ ಬ್ರೇಕ್ ತುಳಿದರೆ 60ಕ್ಕೆ ಬರುವಷ್ಟರಲ್ಲಿ ಹುಟ್ಟುವ ಶಾಖ ಶೇಕಡಾ 14ರಷ್ಟು ಕಡಿಮೆ. ಸುತ್ತಿನ ಸಮಯಕ್ಕೆ ಆಗುವ ನಷ್ಟ ತೀರಾ ಅಲ್ಪ. ಇಂದಿನ ಕಾರುಗಳಲ್ಲಿ ಇನ್ನೊಂದು ಗುಪ್ತ ಕೊಡವೂ ಇದೆ: ಕಾರು ಜಾರದಂತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ನೀವು ತುಳಿಯದಿದ್ದಾಗಲೂ ಒಂದೊಂದು ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತಿರುತ್ತದೆ. ತಿರುವಿನಲ್ಲಿ ಒರಟಾಗಿ ಓಡಿಸಿದಷ್ಟೂ ಅದರ ಕೆಲಸ ಹೆಚ್ಚು, ಬ್ರೇಕಿನ ಕಾವೂ ಹೆಚ್ಚು.

ಕೊನೆಯ ಸುತ್ತನ್ನು ಬ್ರೇಕ್ ಆದಷ್ಟು ಮುಟ್ಟದೆ ನಿಧಾನವಾಗಿ ಸುತ್ತಿ ಬರಬೇಕು. ಬಿಸಿ ಡಿಸ್ಕಿನೊಂದಿಗೆ ನೇರವಾಗಿ ಬಂದು ನಿಂತರೆ ಗಾಳಿಯ ಹರಿವು ಥಟ್ಟನೆ ನಿಲ್ಲುತ್ತದೆ, ಕಾವು ಪ್ಯಾಡಿನ ಮೂಲಕ ಆಯಿಲ್ಲಿಗೆ ಇಳಿಯತೊಡಗುತ್ತದೆ. ಓಡುವಾಗ ಕುದಿಯದ ಆಯಿಲ್ ನಿಂತ ಮೇಲೆ ಕುದಿಯುವುದು ಹೀಗೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಪೆಡಲ್ ಮೇಲಿನ ಕಾಲನ್ನೂ ತೆಗೆಯಿರಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು. ಕಾದ ಡಿಸ್ಕನ್ನು ಪ್ಯಾಡು ಒಂದೇ ಕಡೆ ಅದುಮಿ ನಿಂತರೆ ಅದರ ವಸ್ತು ಅಲ್ಲಿ ಅಂಟಿಕೊಳ್ಳುತ್ತದೆ. ಆಮೇಲೆ ಬ್ರೇಕ್ ತುಳಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡಾಗಿದೆ ಎಂದು ಹೇಳಿ ಬದಲಾಯಿಸುವ ಎಷ್ಟೋ ಸಂದರ್ಭಗಳಲ್ಲಿ ನಿಜವಾದ ಕಾರಣ ಈ ಕಲೆ.

ಅಳೆದು ಖರ್ಚು ಮಾಡಿ

ಮಟ್ಟ ಎಲ್ಲಿಗೇರಿದೆ ಎಂದು ಊಹಿಸಬೇಕಾಗಿಲ್ಲ. ಇಂತಿಷ್ಟು ಕಾವಿಗೆ ಬಣ್ಣ ಬದಲಿಸುವ ಪೇಂಟುಗಳು ಸಿಗುತ್ತವೆ. ಡಿಸ್ಕಿನ ಹೊರ ಅಂಚಿಗೆ ಮೂರು ಬೊಟ್ಟು ಇಟ್ಟರೆ ಒಂದು 430 ಡಿಗ್ರಿಗೆ, ಇನ್ನೊಂದು 560ಕ್ಕೆ, ಮತ್ತೊಂದು 610ಕ್ಕೆ ಬಣ್ಣ ತಿರುಗುತ್ತದೆ. ಪಿಸ್ಟನ್ನು, ಆಯಿಲ್ ಇರುವ ಕ್ಯಾಲಿಪರಿನ ಮೈಗೆ ಅಂಟಿಸುವ ತಾಪಪಟ್ಟಿಯೂ ಇದೆ. ಒಂದು ದಿನದ ಓಟದ ಬಳಿಕ ಇವೆರಡನ್ನೂ ಓದಿದರೆ ಕೊರತೆ ಪ್ಯಾಡಿನದೋ ಆಯಿಲ್ಲಿನದೋ ಗಾಳಿಯದೋ ತಿಳಿಯುತ್ತದೆ.

ಖರ್ಚಿನ ಕ್ರಮವೂ ಇದರಿಂದಲೇ ಹೊರಡುತ್ತದೆ. ಮೊದಲು ಹೊಸ ಆಯಿಲ್, ಯಾಕೆಂದರೆ ಅದು ಅಗ್ಗ, ಅದರ ಸೋಲು ಎಲ್ಲಕ್ಕಿಂತ ಅಪಾಯದ್ದು. ಆಮೇಲೆ ಹೆಚ್ಚು ಕಾವು ತಾಳುವ ಪ್ಯಾಡು. ಅದೂ ದಪ್ಪನಾಗಿರಬೇಕು, ಸವೆದಷ್ಟೂ ಡಿಸ್ಕಿನ ಕಾವಿಗೂ ಆಯಿಲ್ಲಿಗೂ ನಡುವಿನ ಅಡ್ಡಗೋಡೆ ತೆಳುವಾಗುತ್ತದೆ. ಅದರ ನಂತರ ಗಾಳಿ. ಇಷ್ಟಾದ ಮೇಲೂ ಬೊಟ್ಟುಗಳ ಬಣ್ಣ ಬದಲಾಗುತ್ತಲೇ ಇದ್ದರೆ ಮಾತ್ರ ದೊಡ್ಡ ಡಿಸ್ಕಿನ ಯೋಚನೆ.

ಸಂಜೆ ಇದೇ ಕಾರು ಮನೆಗೆ ಹೋಗಬೇಕು. ರೇಸಿಗೆಂದೇ ಮಾಡಿದ ಪ್ಯಾಡು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ರಸ್ತೆಗೆ ಇಳಿಯುವ ಮುನ್ನ ಹಳೆಯ ಪ್ಯಾಡುಗಳನ್ನು ಮರಳಿ ಹಾಕುವುದೇ ಕ್ಷೇಮ. ಪೆಡಲ್ ಒಂದಿಷ್ಟು ಮೆತ್ತಗೆನಿಸಿದರೂ ಆಯಿಲ್ ಬ್ಲೀಡ್ ಮಾಡಿ, ಗುಳ್ಳೆಯಿಲ್ಲದ ಹೊಸ ಆಯಿಲ್ ತುಂಬಿದ ಮೇಲೆಯೇ ಹೆದ್ದಾರಿ ಹತ್ತಬೇಕು. ಟ್ರ್ಯಾಕಿನಲ್ಲಿ ಬ್ರೇಕ್ ಸೋತರೆ ಕಾರು ಓಡಿಹೋಗಿ ನಿಲ್ಲಲು ಬಯಲಿರುತ್ತದೆ. ಹೆದ್ದಾರಿಯಲ್ಲಿ ಮುಂದಿರುವುದು ಇನ್ನೊಬ್ಬರ ಗಾಡಿ.